ಹಿಮನಾಡಿನ ಸಂಚಾರಿ ರಾಸ್ಮುಸೆನ್

ಮಾಘದ ಚಳಿಗೇ ಬದಲಾಪುರದಲ್ಲಿ ಶಾಲು ಹುಡುಕುವ ನಮಗೆ, ಸಮುದ್ರವೇ ಹೆಪ್ಪುಗಟ್ಟುವ ನಾಡಿನ ಬಾಳು ಊಹೆಗೆ ನಿಲುಕದು. ಅಂತಹ ಗ್ರೀನ್‌ಲೆಂಡಿನಲ್ಲಿ 1879ರ ಜೂನ್ 7ರಂದು ಕ್ನುದ್ ರಾಸ್ಮುಸೆನ್ ಜನಿಸಿದನು. ತಂದೆ ಡೆನ್ಮಾರ್ಕಿನ ಪಾದ್ರಿ. ತಾಯಿಯ ಪೂರ್ವಿಕರಲ್ಲಿ ಇನುಯಿಟರಿದ್ದರು. ಹಳೆಯ ಪುಸ್ತಕಗಳು ಎಸ್ಕಿಮೋ ಎಂದು ಕರೆದುದು ಇವರನ್ನೇ. ಬಾಲಕನು ಅವರ ನುಡಿಯನ್ನು ಒಡನಾಡಿಗಳಿಂದಲೇ ಕಲಿತನು.

1921ರಲ್ಲಿ ಆತನು ಐದನೆಯ ಥೂಲೆ ಯಾತ್ರೆಗೆ ಹೊರಟನು. 1923-24ರಲ್ಲಿ ಆರ್ನಾರುಲುಂಗುವಾಕ್ ಎಂಬ ಮಹಿಳೆ ಮತ್ತು ಕಾವಿಗಾರ್ಸುವಾಕ್ ಎಂಬ ಬೇಟೆಗಾರ, ಈ ಇಬ್ಬರು ಇನುಯಿಟರೊಡನೆ, ನಾಯಿಗಳೆಳೆಯುವ ಜಾರುಬಂಡಿಯಲ್ಲಿ ಕೆನಡಾದ ಉತ್ತರವನ್ನು ದಾಟಿ ಅಲಾಸ್ಕ ಸೇರಿದನು. ಬೇಟೆ ದೊರೆಯದಿದ್ದರೆ ಉಪವಾಸ. ಉಡುಪು ಹರಿದರೆ ಮರಣ. ಆದುದರಿಂದ ಆಕೆಯ ಸೂಜಿಯು ಬೇಟೆಗಾರನ ಬಂದೂಕಿಗಿಂತ ಕಡಿಮೆಯದಲ್ಲವೆಂದು ನಮಗೆ ತೋರುತ್ತದೆ. ಹಿಮಸಾರಂಗದ ಚರ್ಮದ ಉಡುಪಿಗೆ ಎರಡು ಪದರ: ಒಳಪದರದ ರೋಮ ಮೈಯ ಕಡೆಗೆ, ಹೊರಪದರದ್ದು ಹೊರಕ್ಕೆ. ಹಿಮದ ಗಡ್ಡೆಗಳಿಂದ ಕಟ್ಟಿದ ಮನೆಯಲ್ಲಿ ಸೀಲ್ ಪ್ರಾಣಿಯ ಕೊಬ್ಬಿನ ದೀಪವೇ ಬೆಳಕು, ಅದೇ ಒಲೆ.

ಇದಕ್ಕಿಂತಲೂ ಬೆರಗಿನ ಸಂಗತಿಯೊಂದುಂಟು. ಸಾವಿರಾರು ಮೈಲಿಗಳಾಚೆಯ ಇನುಯಿಟರಿಗೂ ಆತನ ಬಾಲ್ಯದ ನುಡಿ ಬಹುಮಟ್ಟಿಗೆ ತಿಳಿಯಿತು. ದುಭಾಷಿಯಿಲ್ಲದೆ ಅವರ ನಡುವೆ ಕುಳಿತು ಕಥೆಗಳನ್ನೂ ಹಾಡುಗಳನ್ನೂ ಬರೆದುಕೊಂಡನು. 1933ರ ಡಿಸೆಂಬರ್ 21ರಂದು, 54ನೆಯ ವಯಸ್ಸಿನಲ್ಲಿ, ಆತನು ತೀರಿಕೊಂಡನು. ಆ ಬರಹಗಳು ಗ್ರಂಥರೂಪದಲ್ಲಿ ಉಳಿದಿವೆ.