ನೀರ್‌ಸಾಬ್ ಮತ್ತು ರಾಯಚೂರಿನ ಜಿಲ್ಲಾ ಪರಿಷತ್ತು

ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ರಾಯಚೂರು ಬಸ್ಸಿಗೆ ಕಾಯುವವರ ಪೈಕಿ ಒಬ್ಬಿಬ್ಬರ ಕೈಯಲ್ಲಿ ಅರ್ಜಿ ಇದ್ದೇ ಇರುತ್ತದೆ. ಶಾಲೆಯ ಮಾಳಿಗೆ ಸೋರುತ್ತದೆ, ಮಾಸ್ತರರಿಲ್ಲ, ನೀರಿನ ಟಾಕಿಯ ಮೋಟರ್ ಸುಟ್ಟಿದೆ, ಇಂಥವೇ. ಆ ಅರ್ಜಿಯನ್ನು ಸಾಹೇಬರ ಮೇಜಿನ ಮೇಲಿಟ್ಟು ಕೈಮುಗಿದು ಬರುವುದೋ, ಇಲ್ಲ ನಾವೇ ಓಟು ಹಾಕಿ ಕಳಿಸಿದವನ ಮುಂದಿಟ್ಟು ಯಾಕ ಆಗಿಲ್ಲ ಅಂತ ಕೇಳುವುದೋ? ಎರಡಕ್ಕೂ ಬಹಳ ಫರಕು ಇದೆ. ಆ ಫರಕನ್ನು ಕರ್ನಾಟಕಕ್ಕೆ ತೋರಿಸಿಕೊಟ್ಟವರು ಅಬ್ದುಲ್ ನಜೀರ್‌ಸಾಬ್.

ಅವರು ನಮ್ಮ ಕಡೆಯವರಲ್ಲ. ಊರು ಗುಂಡ್ಲುಪೇಟೆ. ಆಗ ಮೈಸೂರು ಜಿಲ್ಲೆಯಲ್ಲಿದ್ದ, ಕೇರಳ ಮತ್ತು ತಮಿಳುನಾಡು ಎರಡರ ಗಡಿಗೂ ಹತ್ತಿದ ತಾಲೂಕು. ನಮ್ಮಿಂದ ರಾಜ್ಯದ ಆಚೆಯ ತುದಿ. 1983ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದಾಗ ನಜೀರ್‌ಸಾಬರಿಗೆ ಸಿಕ್ಕಿದ್ದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ. ಕಂದಾಯಕ್ಕೋ ಲೋಕೋಪಯೋಗಿಗೋ ಇದ್ದ ತೂಕ ಈ ಖಾತೆಗೆ ಇರಲಿಲ್ಲ. ತೂಕ ಬಂದದ್ದು ಇವರ ಕೈಗೆ ಬಂದ ಮೇಲೆ.

ಆ ವರ್ಷಗಳ ಬರಗಾಲ ನಮ್ಮ ಹಿರಿಯರಿಗೆ ನೆನಪಿದೆ. ಸಿಂಧನೂರಿನ ಅರ್ಧ ತಾಲೂಕಿಗೆ ತುಂಗಭದ್ರೆಯ ಎಡದಂಡೆ ಕಾಲುವೆ ಇತ್ತು, ಭತ್ತ ಇತ್ತು. ಲಿಂಗಸುಗೂರು, ಮಸ್ಕಿ ಕಡೆಯ ಒಣಬೇಸಾಯದ ಹಳ್ಳಿಗಳಿಗೆ ಏನಿತ್ತು? ಹಳ್ಳದ ಮರಳು ಕೆದರಿ ಒರತೆಯ ನೀರನ್ನು ಚರಿಗೆಯಲ್ಲಿ ಮೊಗೆಯುವುದು, ಕೊಡ ಹೊತ್ತು ಮೈಲಿಗಟ್ಟಲೆ ನಡೆಯುವುದು, ಅಷ್ಟೇ. ನಜೀರ್‌ಸಾಬರು ಹಿಡಿದ ಹಟ ಒಂದೇ: ಊರೂರಿಗೂ ಕೊಳವೆಬಾವಿ, ಅದರ ಮೇಲೊಂದು ಕೈಪಂಪು. ನಮ್ಮ ಭಾಷೆಯಲ್ಲಿ ಬೋರಿಂಗ್. ಸೋಲಾಪುರ ಕಡೆ ಹುಟ್ಟಿದ ಪಂಪಿನ ಮಾದರಿಯನ್ನೇ ತಿದ್ದಿ ಮಾಡಿದ ಇಂಡಿಯಾ ಮಾರ್ಕ್ ಟೂ ಪಂಪುಗಳು ಕೇರಿಕೇರಿಗೆ ಬಂದವು. ನಜೀರ್‌ಸಾಬ್ ಹೋಗಿ ನೀರ್‌ಸಾಬ್ ಆದದ್ದು ಹೀಗೆ. ಆ ಹೆಸರನ್ನು ಕೊಟ್ಟದ್ದು ಪಕ್ಷದವರಲ್ಲ, ಕೊಡ ಹೊತ್ತವರು.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ನಮ್ಮ ಜಿಲ್ಲೆಯ ನೆಲದೊಳಗಿನ ನೀರಿನಲ್ಲಿ ಹಲವು ಕಡೆ ಫ್ಲೋರೈಡ್ ಇದೆ. ಅದನ್ನೇ ವರ್ಷಗಟ್ಟಲೆ ಕುಡಿದು ಹಲ್ಲು ಕಂದಾದವರು, ಕೀಲು ಹಿಡಿದವರು ಇದ್ದಾರೆ. ಬೋರಿಂಗ್ ದಾಹ ತೀರಿಸಿತು, ನೀರಿನ ಪರೀಕ್ಷೆಯ ಕೆಲಸ ಹಿಂದೆ ಬಿತ್ತು. ಇದು ನೀರ್‌ಸಾಬರೊಬ್ಬರ ತಲೆಗೆ ಕಟ್ಟುವ ತಪ್ಪಲ್ಲ, ಮುಚ್ಚಿಡುವ ಮಾತೂ ಅಲ್ಲ.

ಆದರೆ ಬೋರಿಂಗ್ ಕೊರೆಸುವುದು ಒಂದು ದಿನದ ಕೆಲಸ, ಕೆಟ್ಟ ಮೇಲೆ ರಿಪೇರಿ ಮಾಡಿಸುವುದು ಜನ್ಮದ ಕೆಲಸ. ವಾಷರ್ ಸವೆದರೆ ಯಾರನ್ನು ಕೇಳಬೇಕು? ಬೆಂಗಳೂರನ್ನೇ? ಅದುತನಕ ನಡೆಯುತ್ತಿದ್ದದ್ದು 1959ರ ಕಾಯ್ದೆ. ಊರಿಗೆ ಗ್ರಾಮ ಪಂಚಾಯಿತಿ, ತಾಲೂಕಿಗೆ ಅಭಿವೃದ್ಧಿ ಮಂಡಳಿ, ಜಿಲ್ಲೆಗೆ ಡಿಸಿ ಸಾಹೇಬರೇ ಅಧ್ಯಕ್ಷರಾಗಿದ್ದ ಒಂದು ಪರಿಷತ್ತು. ಸಲಹೆ ಕೊಡುವವರು ಹಲವರು, ದುಡ್ಡು ಮಾತ್ರ ಇಲಾಖೆಗಳ ಕೈಯಲ್ಲಿ. ನಜೀರ್‌ಸಾಬರು 1983ರಲ್ಲಿ ಹೊಸ ಮಸೂದೆ ತಂದರು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬೀಳಲು 1985ರ ತನಕ ಕಾಯಬೇಕಾಯಿತು, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ.

ಹೊಸ ಏರ್ಪಾಡಿನಲ್ಲಿ ಎಂಟು ಹತ್ತು ಸಾವಿರ ಜನಸಂಖ್ಯೆಗೊಂದು ಮಂಡಲ ಪಂಚಾಯಿತಿ, ಜಿಲ್ಲೆಗೊಂದು ಜಿಲ್ಲಾ ಪರಿಷತ್ತು. ರಾಜ್ಯದಲ್ಲಿ 2,500ಕ್ಕೂ ಹೆಚ್ಚು ಮಂಡಲಗಳಾದವು. ನೂರಕ್ಕೆ 25 ಸ್ಥಾನ ಹೆಂಗಸರಿಗೆ ಮೀಸಲು. ದಿಲ್ಲಿಯವರು ಇಡೀ ದೇಶಕ್ಕೆ ಇಂಥ ಮೀಸಲಾತಿ ತಂದದ್ದು ಆರು ವರ್ಷ ಆದ ಮೇಲೆ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಎಲ್ಲಕ್ಕಿಂತ ದೊಡ್ಡ ಪೆಟ್ಟು ಯಾವುದೆಂದರೆ, ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಬಂದವರು ಡಿಸಿಗಿಂತ ಹಿರಿಯ ಐಎಎಸ್ ಅಧಿಕಾರಿ, ಆ ಅಧಿಕಾರಿ ಕೆಲಸ ಮಾಡಬೇಕಾದದ್ದು ಓಟಿನಿಂದ ಗೆದ್ದ ಅಧ್ಯಕ್ಷನ ಕೈಕೆಳಗೆ. ನಿಜಾಮರ ಕಾಲದ ತಾಲೂಕುದಾರರನ್ನು ಕಂಡ ನಮ್ಮ ಸೀಮೆಗೆ ಇದು ಸಣ್ಣ ಮಾತೇನ್ರಿ?

ರಾಯಚೂರು ಜಿಲ್ಲಾ ಪರಿಷತ್ತೆಂದರೆ ಆಗ ಒಂಬತ್ತು ತಾಲೂಕು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲಾ ನಮ್ಮೊಳಗೇ ಇದ್ದವು. ಮಸ್ಕಿ ತಾಲೂಕಾಗಿರಲಿಲ್ಲ, ಲಿಂಗಸುಗೂರಿಗೆ ಸೇರಿದ ಊರು. ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರ, ದನದ ಆಸ್ಪತ್ರೆ, ಕುಡಿಯುವ ನೀರು, ಹಳ್ಳಿ ರಸ್ತೆ ಎಲ್ಲವೂ ಪರಿಷತ್ತಿನ ಪಾಲಿಗೆ ಬಂದವು. ಸಭೆಯ ಕಾರ್ಯಸೂಚಿ ಓದಲು ಕೂತರೆ ಆಕಳಿಕೆ ಬರುತ್ತದೆ. ಹಿಂದಿನ ಸಭೆಯ ನಡಾವಳಿ ದೃಢೀಕರಣ, ಕ್ರಿಯಾ ಯೋಜನೆಗೆ ಮಂಜೂರಾತಿ, ಖರ್ಚಿನ ಲೆಕ್ಕ, ಶಿಕ್ಷಕರ ವರ್ಗಾವಣೆ, ಕೊನೆಗೆ ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು. ಆದರೆ ನೀರ್‌ಸಾಬರ ಇಡೀ ಲೆಕ್ಕಾಚಾರ ನಿಂತದ್ದು ಈ ಆಕಳಿಕೆ ಬರುವ ಕಾಗದದ ಮೇಲೆಯೇ. ಡಾಕ್ಟರು ಬಾರದಿದ್ದರೆ ಆ ಹೋಬಳಿಯ ಸದಸ್ಯ ಎದ್ದು ನಿಂತು ಕೇಳುತ್ತಾನೆ, ಅಧಿಕಾರಿ ಅಲ್ಲೇ ಉತ್ತರ ಹೇಳಬೇಕು, ಅದು ನಡಾವಳಿಯಲ್ಲಿ ಬರಹಕ್ಕೆ ಇಳಿಯಬೇಕು. ಹಳ್ಳಿ ಶಾಲೆಯ ಮಾಸ್ತರರ ಹಾಜರಿ ಆ ವರ್ಷಗಳಲ್ಲಿ ಸುಧಾರಿಸಿತೆಂದು ಅಧ್ಯಯನ ಮಾಡಿದವರು ಬರೆದಿದ್ದಾರೆ.

ಪಟ್ಟಣದ ಅಂಗಡಿಕಾರರು ನಮಗೇನು ಸಂಬಂಧ, ನಮಗೆ ಪುರಸಭೆ ಇದೆ ಅನ್ನಬಹುದು. ಸಂತೆ ದಿನ ಗಲ್ಲಾಪೆಟ್ಟಿಗೆ ತುಂಬಿಸುವವರು ಹಳ್ಳಿಯವರೇ ಅಲ್ಲವೇ? ರಸ್ತೆ ಕಿತ್ತುಹೋದರೆ ಅವರ ಬಂಡಿ ಬರುವುದಿಲ್ಲ.

ಶಾಸಕರಿಗೆ ಮಾತ್ರ ಈ ವ್ಯವಸ್ಥೆ ರುಚಿಸಲಿಲ್ಲ. ನಲ್ಲಿ ಹಾಕಿಸಿದ ಪುಣ್ಯವೂ ವರ್ಗಾವಣೆಯ ಪ್ರಸಾದವೂ ಬೇರೆಯವರ ಪಾಲಾದರೆ ಯಾವ ಶಾಸಕ ನಗುತ್ತಾನೆ? ಅವರನ್ನು ಸಮಾಧಾನ ಮಾಡಲೆಂಬಂತೆ ತಾಲೂಕು ಪಂಚಾಯಿತಿ ಸಮಿತಿಗೆ ಶಾಸಕರನ್ನೇ ಅಧ್ಯಕ್ಷರನ್ನಾಗಿ ಮಾಡಲಾಗಿತ್ತು, ಆ ಸಮಿತಿಗೆ ಅಧಿಕಾರ ಮಾತ್ರ ಕಡಿಮೆ. ನಮ್ಮ ಕಣ್ಣಿಗೆ ಈ ಏರ್ಪಾಡಿನ ಬಡಕಲು ಜಾಗ ಇದೇ. ಲಿಂಗಸುಗೂರಿನವ ಎರಡು ಮೂರು ತಾಸು ಬಸ್ಸಿನಲ್ಲಿ ಕೂತು ರಾಯಚೂರಿಗೆ ಹೋಗುವುದು ಅದರಿಂದ ತಪ್ಪಲಿಲ್ಲ.

ತಾವು ಕಟ್ಟಿದ ಪರಿಷತ್ತುಗಳು ಒಂದು ಅವಧಿ ಮುಗಿಸುವುದನ್ನು ನೋಡಲು ಅವರೇ ಉಳಿಯಲಿಲ್ಲ. ಕ್ಯಾನ್ಸರ್ ಹಿಡಿದಿತ್ತು. 1988ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಹೆಗಡೆಯವರು ಕುರ್ಚಿ ಬಿಟ್ಟು ಬೊಮ್ಮಾಯಿಯವರು ಬಂದಿದ್ದರು.

1992ರಲ್ಲಿ ಪರಿಷತ್ತುಗಳ ಅವಧಿ ಮುಗಿಯಿತು. ಹೊಸ ಚುನಾವಣೆ ನಡೆಸುವ ಬದಲು ಸರ್ಕಾರ ಆಡಳಿತಾಧಿಕಾರಿಗಳನ್ನು ಕೂರಿಸಿತು. ಅರ್ಜಿ ಮತ್ತೆ ಸಾಹೇಬರ ಮೇಜಿಗೆ ಹೋಯಿತು. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂತು, ರಾಜ್ಯದಲ್ಲಿ ಹೊಸ ಕಾಯ್ದೆಯಾಯಿತು, ಪರಿಷತ್ತು ಹೋಗಿ ಜಿಲ್ಲಾ ಪಂಚಾಯಿತಿ ಬಂತು, ಅದಕ್ಕೆ ಚುನಾವಣೆಯಾಗುವ ಹೊತ್ತಿಗೆ 1995. ಐದು ವರ್ಷಕ್ಕೊಮ್ಮೆ ಚುನಾವಣೆ ತಪ್ಪಬಾರದೆಂದು ಸಂವಿಧಾನವೇ ಹೇಳಿದ ಮೇಲೂ, 2016ರಲ್ಲಿ ಗೆದ್ದವರ ಅವಧಿ 2021ರಲ್ಲಿ ಮುಗಿದಾಗ ಮತ್ತೆ ಅದೇ ಕಥೆ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಳು ಉರುಳಿದವು, ತಾಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಕುರ್ಚಿಯಲ್ಲಿ ಆಡಳಿತಾಧಿಕಾರಿಗಳು ಕೂತರು. ಅಷ್ಟರಲ್ಲಿ ತಾಲೂಕಾಗಿದ್ದ ಮಸ್ಕಿಯ ಹಳ್ಳಿಗಳವರೂ ಮಾಳಿಗೆ ಸೋರುವ ಅರ್ಜಿ ಹಿಡಿದು ಆ ಅಧಿಕಾರಿಗಳ ಬಾಗಿಲಿಗೇ ಹೋದರು.

ಮೈಸೂರಿನಲ್ಲಿ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ರಾಜ್ಯ ಸಂಸ್ಥೆಗೆ ಅಬ್ದುಲ್ ನಜೀರ್‌ಸಾಬರ ಹೆಸರನ್ನೇ ಇಟ್ಟಿದ್ದಾರೆ.