ಕರ್ನಲ್ ಮೆಕೆಂಜಿ ಕೂಡಿಟ್ಟ ಕಾಗದಗಳು

ಮಲೆನಾಡಿನಲ್ಲಿ ಕಾಗದವನ್ನು ಕಾಪಾಡುವುದು ಎಷ್ಟು ಕಷ್ಟವೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಮೂಡಿಗೆರೆ ಕಳಸಗಳ ಕಡೆ ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೂ ಬಿಡದು. ಗೋಡೆಗೆ ಒರಗಿಸಿಟ್ಟ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ, ನೆಲದಲ್ಲಿಟ್ಟುದಕ್ಕೆ ಗೆದ್ದಲು ಹತ್ತುತ್ತದೆ. ಆದುದರಿಂದಲೇ ನಮ್ಮ ಹಿರಿಯರು ಬೇಕಾದ ಕಾಗದಗಳನ್ನೆಲ್ಲ ಒಲೆಯ ಹೊಗೆಯಾಡುವ ಅಟ್ಟದ ಮೇಲೆ ಇಡುತ್ತಿದ್ದರು.

ನಮ್ಮ ತಾತನವರು ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದವರು. ತೋಟದ ಇಂಗ್ಲಿಷ್ ದೊರೆಯು ತನ್ನ ದೇಶಕ್ಕೆ ಹಿಂದಿರುಗುವಾಗ ಅವರ ಕೆಲಸವನ್ನು ಮೆಚ್ಚಿ ಬರೆದುಕೊಟ್ಟಿದ್ದ ಪತ್ರವೊಂದು ನಮ್ಮ ಅಟ್ಟದ ಟ್ರಂಕಿನಲ್ಲಿ ಬಹುಕಾಲ ಇದ್ದಿತು. ಎರಡು ವರ್ಷಗಳ ಹಿಂದೆ ಹಂಚು ಸೋರಿ ಟ್ರಂಕಿಗೆ ನೀರಿಳಿದುದರಿಂದ ಅದನ್ನು ಬಿಚ್ಚಿ ನೋಡಿದೆವು. ಪತ್ರದ ಮೇಲ್ಭಾಗವೆಲ್ಲ ಹುಳುವಿನ ಪಾಲಾಗಿತ್ತು. ಕೆಳಗಿನ ಸಹಿಯೊಂದು ಮಾತ್ರ ಉಳಿದಿತ್ತು. ತಾತನವರ ವಿಷಯವಾಗಿ ದೊರೆಯು ಏನು ಬರೆದಿದ್ದನೆಂಬುದನ್ನು ಇನ್ನು ಯಾರೂ ತಿಳಿಯುವಂತಿಲ್ಲ.

ಸಹಿಯಷ್ಟೇ ಸಾಕೆನ್ನುವವರೂ ಲೋಕದಲ್ಲಿ ಉಂಟು. ಹೋದ ಶತಮಾನಕ್ಕೂ ಹಿಂದಿನ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಪ್ರಸಿದ್ಧ ಪುರುಷರ ಕಾಗದಗಳನ್ನು ಸಂಗ್ರಹಿಸುವ ಹವ್ಯಾಸವು ಬಹಳ ಬಲವಾಗಿತ್ತು. ಪಾರ್ಲಿಮೆಂಟಿನ ಸದಸ್ಯರು ಲಕೋಟೆಯ ಮೇಲೆ ಸಹಿ ಹಾಕಿದರೆ ಅಂಚೆಯ ಹಾಸಲು ಇಲ್ಲದೆ ಕಾಗದ ಹೋಗುತ್ತಿದ್ದ ಕಾಲವದು. 1840ರಲ್ಲಿ ಆ ಪದ್ಧತಿಯು ನಿಂತಿತು. ಅಂತಹ ಲಕೋಟೆಗಳ ಸಹಿಗಳನ್ನೂ, ದೊಡ್ಡವರ ಪತ್ರಗಳ ಸಹಿಗಳನ್ನೂ ಕತ್ತರಿಯಿಂದ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಿಕೊಂಡು ಉಳಿದ ಪತ್ರವನ್ನು ಎಸೆದುಬಿಡುವವರೂ ಇದ್ದರು. ನಮ್ಮ ಅಟ್ಟದ ಹುಳುಗಳು ಮಾಡಿದ ಕೆಲಸವನ್ನೇ ಅವರು ಹಣ ಕೊಟ್ಟು ಮಾಡುತ್ತಿದ್ದರೆಂದರೆ ತಪ್ಪಾಗಲಾರದು.

ಇದೇ ಕಾಲದ ಆರಂಭದಲ್ಲಿ, ಇದೇ ದೇಶದವನಾದ ಒಬ್ಬ ಸೈನಿಕನು ನಮ್ಮ ಮೈಸೂರು ಸೀಮೆಯಲ್ಲಿ ಕಾಗದಗಳನ್ನು ಬೇರೆಯೇ ರೀತಿಯಲ್ಲಿ ಕೂಡಿಸಿದನು. ಹೆಸರಿಲ್ಲದ ಶಾನುಭೋಗನ ಕಡತವೂ ಆತನಿಗೆ ಬೇಕಾಗಿತ್ತು. ಆತನೇ ಕರ್ನಲ್ ಕಾಲಿನ್ ಮೆಕೆಂಜಿ.

ಮೆಕೆಂಜಿಯು 1754ರ ಸುಮಾರಿಗೆ ಸ್ಕಾಟ್ಲೆಂಡಿನ ವಾಯವ್ಯಕ್ಕಿರುವ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಬಂದರಿನಲ್ಲಿ ಹುಟ್ಟಿದನು. ಮಳೆ, ಗಾಳಿ, ಮಂಜುಗಳಲ್ಲಿ ಅದು ನಮ್ಮ ಕುದುರೆಮುಖಕ್ಕೆ ಸಾಟಿಯಾದ ಸ್ಥಳವಂತೆ. ತಂದೆ ವ್ಯಾಪಾರಸ್ಥ. ಮಗನು ಮೊದಲು ಆ ಊರಿನ ಸುಂಕದ ಕಚೇರಿಯಲ್ಲಿ ಕೆಲಸಕ್ಕಿದ್ದನು. ಗಣಿತದಲ್ಲಿ ಆತನಿಗಿದ್ದ ಆಸಕ್ತಿಯು ನೇಪಿಯರ್ ಪ್ರಭುವಿನ ಪರಿಚಯವನ್ನು ತಂದಿತು. ನಾವೆಲ್ಲ ಹೈಸ್ಕೂಲಿನಲ್ಲಿ ಹೆಸರು ಕೇಳಿದ, ಲಾಗರಿತಮ್ಮನ್ನು ಕಂಡುಹಿಡಿದ ಜಾನ್ ನೇಪಿಯರನ ಚರಿತ್ರೆಯನ್ನು ಬರೆಯಲು ಆ ಪ್ರಭುವು ಸಾಮಗ್ರಿ ಕೂಡಿಸುತ್ತಿದ್ದನು. ಅದಕ್ಕಾಗಿ ಹಿಂದೂಗಳ ಗಣಿತದ ವಿಷಯವೂ ಆತನಿಗೆ ಬೇಕಾಗಿದ್ದಿತು. ಪ್ರಭುವು 1773ರಲ್ಲಿ ತೀರಿಕೊಂಡನು. ಆದರೆ ಹಿಂದೂದೇಶದ ವಿದ್ಯೆಯ ಹುಚ್ಚು ಮಾತ್ರ ಸುಂಕದ ಗುಮಾಸ್ತನಿಗೆ ಅಂಟಿಕೊಂಡಿತು. 1783ರಲ್ಲಿ ಮೆಕೆಂಜಿಯು ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯದ ಕೆಡೆಟ್ಟಾಗಿ ಮದರಾಸಿನಲ್ಲಿ ಬಂದಿಳಿದನು. ಆಗ ಆತನಿಗೆ ಮೂವತ್ತರ ಹತ್ತಿರ. ಕೆಡೆಟ್ಟಾಗುವುದಕ್ಕೆ ತಡವಾದ ವಯಸ್ಸೇ ಸರಿ. ಮತ್ತೆ ತನ್ನ ದ್ವೀಪವನ್ನು ಆತನು ನೋಡಲಿಲ್ಲ.

ನೇಪಿಯರ್ ಪ್ರಭುವಿನ ಮಗಳು ಹೆಸ್ಟರ್ ತನ್ನ ಪತಿ ಸ್ಯಾಮ್ಯುಯೆಲ್ ಜಾನ್‌ಸ್ಟನ್ನನೊಡನೆ ಮಧುರೆಯಲ್ಲಿದ್ದಳು. ಅವಳ ಮನೆಯಲ್ಲಿ ಮೆಕೆಂಜಿಗೆ ಅಲ್ಲಿನ ಪಂಡಿತರ ಭೇಟಿಯಾಯಿತು. ಆದರೆ ಮುಂದಿನ ವರ್ಷಗಳೆಲ್ಲ ದಂಡಯಾತ್ರೆಗಳಲ್ಲಿಯೇ ಕಳೆದವು. 1792ರಲ್ಲಿ ಒಮ್ಮೆ, 1799ರಲ್ಲಿ ಇನ್ನೊಮ್ಮೆ ಆತನು ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಎಂಜಿನಿಯರು. ಇದನ್ನು ಮರೆಯಬಾರದು. ನಮ್ಮ ನಾಡಿನ ಚರಿತ್ರೆಯನ್ನು ಉಳಿಸಿದನೆಂದು ನಾವು ಕೊಂಡಾಡುವ ಈ ಮನುಷ್ಯನು ನಾಡನ್ನು ಗೆದ್ದ ಸೈನ್ಯದಲ್ಲಿಯೇ ಬಂದವನು.

1796ರ ಹೊತ್ತಿಗೆ ಏಲೂರಿನ ಕಾವಲಿ ವೆಂಕಟ ಬೋರಯ್ಯನೆಂಬ ತೆಲುಗು ಬ್ರಾಹ್ಮಣ ತರುಣನು ಮೆಕೆಂಜಿಯ ಬಳಿ ಕೆಲಸಕ್ಕೆ ಸೇರಿದನು. ಆಗ ಅವನಿಗೆ ಇಪ್ಪತ್ತು ವರ್ಷ. ನನ್ನ ಮಟ್ಟಿಗೆ ಮೆಕೆಂಜಿಯ ಜೀವನವು ನಿಜವಾಗಿ ಆರಂಭವಾಗುವುದು ಇಲ್ಲಿಂದಲೇ. ಬೋರಯ್ಯನಿಗೆ ಹಲವು ಭಾಷೆಗಳು ಬರುತ್ತಿದ್ದವು. ಹಳಗನ್ನಡದ ಶಾಸನಗಳ ಲಿಪಿಯನ್ನು ಬಿಡಿಸಿ ಓದುವ ಜಾಣ್ಮೆಯೂ ಅವನಿಗೆ ಒದಗಿತು. ಮೆಕೆಂಜಿಗಾದರೋ ಕೊನೆಯವರೆಗೂ ನಮ್ಮ ದೇಶದ ಒಂದು ಭಾಷೆಯೂ ಚೆನ್ನಾಗಿ ಬರಲಿಲ್ಲ. ಎಂಟು ಸಾವಿರ ಶಾಸನಗಳನ್ನು ಕೂಡಿಸಿದವನಿಗೆ ಅವುಗಳಲ್ಲಿ ಒಂದನ್ನೂ ತಾನಾಗಿ ಓದಲು ಬಾರದೆಂಬುದು ವಿಚಿತ್ರವಾದರೂ ಸತ್ಯ.

ಟಿಪ್ಪುವು ಮಡಿದ ಮೇಲೆ ಅವನ ರಾಜ್ಯವನ್ನು ಕಂಪೆನಿ, ನಿಜಾಮ ಮತ್ತು ಮೈಸೂರಿನ ಅರಸುಮನೆತನಗಳ ನಡುವೆ ಹಂಚಿದರು. ಹಂಚಿಕೊಂಡ ನೆಲದ ಎಲ್ಲೆಗಳು ಯಾವುವೆಂದು ತಿಳಿಯಬೇಕಲ್ಲವೇ? ಆ ಕೆಲಸವು ಮೆಕೆಂಜಿಯ ಪಾಲಿಗೆ ಬಂದಿತು. ಸುಮಾರು ಹತ್ತು ವರ್ಷಗಳ ಕಾಲ ಸುಮಾರು 40,000 ಚದರ ಮೈಲಿಗಳ ನೆಲವನ್ನು ಆತನ ತಂಡವು ಅಳೆಯಿತು. ಬೆಟ್ಟದ ತುದಿಯಲ್ಲಿ ಕಂಬ ನೆಟ್ಟು, ಇನ್ನೊಂದು ಬೆಟ್ಟದಿಂದ ಯಂತ್ರದಲ್ಲಿ ನೋಡಿ ಕೋನ ಹಿಡಿಯುವ ಕೆಲಸ. ಕಾಡುಗಳಲ್ಲಿ ಚಳಿಜ್ವರ. ಕಂಪೆನಿಯವರೋ ಕೇಳಿದಷ್ಟು ಹಣವನ್ನೂ ಜನರನ್ನೂ ಕೊಡಲಿಲ್ಲ. ನಕ್ಷೆಯನ್ನಷ್ಟೇ ಬೇಡಿದ ಸರ್ಕಾರಕ್ಕೆ ನಕ್ಷೆಯನ್ನೂ ಒಪ್ಪಿಸಿ, ಊರೂರಿನ ಚರಿತ್ರೆಯನ್ನು ಕೂಡಿಸುವ ಖರ್ಚನ್ನು ಮೆಕೆಂಜಿಯು ಬಹುಮಟ್ಟಿಗೆ ತನ್ನ ಕೈಯಿಂದಲೇ ಹಾಕಿದನು.

ಕೂಡಿಸಿದ ಬಗೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏನೇನು ಕೇಳಬೇಕೆಂಬ ಪಟ್ಟಿಯನ್ನು ಕೊಟ್ಟು ಮೆಕೆಂಜಿಯು ತನ್ನ ಗುಮಾಸ್ತರನ್ನು ಹಳ್ಳಿಗಳಿಗೆ ಕಳುಹಿಸುತ್ತಿದ್ದನು: ಅರಸರ ವಂಶಾವಳಿ, ದೇವಸ್ಥಾನದ ಸ್ಥಳಪುರಾಣ, ಕಲ್ಲಿನ ಮತ್ತು ತಾಮ್ರದ ಶಾಸನ, ನಾಣ್ಯ, ಪಾಳೆಯಗಾರರ ಕಥೆ, ಶಾನುಭೋಗರ ಮನೆಯ ಕಡತ. ಕಡತವೆಂದರೆ ಈಗಿನ ಆಫೀಸಿನ ಫೈಲಲ್ಲ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕರಿಯ ಪುಸ್ತಕ. ಊರಿನ ಹಿರಿಯರನ್ನು ಕೂರಿಸಿ ಕೇಳಿ ಬರೆದುಕೊಂಡ ವರದಿಗೆ ಕೈಫಿಯತ್ತೆಂದು ಹೆಸರು. ಗುಮಾಸ್ತರು ತಾವು ಎಲ್ಲಿ ಹೋದೆವು, ಯಾರನ್ನು ಕಂಡೆವು, ಏನು ಸಿಕ್ಕಿತು ಎಂಬುದನ್ನು ತಿಂಗಳು ತಿಂಗಳಿಗೆ ಬರೆದು ಕಳುಹಿಸಬೇಕು. ಇವರು ಹೊಸ ಕಂದಾಯ ಹಾಕುವುದಕ್ಕೇ ಬಂದಿರುವರೆಂದು ಹೆದರಿ ಕಾಗದಗಳನ್ನು ತೋರಿಸಲು ಒಪ್ಪದ ಜನರ ಸಂಗತಿಯೂ ಆ ವರದಿಗಳಲ್ಲಿ ಬರುತ್ತದೆ. ಆ ಜನರ ಸಂಶಯವು ತಪ್ಪೆಂದು ನಾನು ಹೇಳಲಾರೆ.

ಈ ಕೆಲಸದ ಬೆಲೆಯು ಏನೆಂಬುದಕ್ಕೆ ನಮ್ಮ ಪಕ್ಕದಲ್ಲಿಯೇ ಒಂದು ಉದಾಹರಣೆ ಇದೆ. ಈಗಿನ ಸಕಲೇಶಪುರ, ಮೂಡಿಗೆರೆಗಳ ಕಡೆಯ ಬಲಂ ಸೀಮೆಯ ವೆಂಕಟಾದ್ರಿ ನಾಯಕನು ಕಂಪೆನಿಗೆ ಎದುರುಬಿದ್ದನು. 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿಯು ಸೈನ್ಯ ಸಮೇತ ಬಂದು ಅರೆಕೆರೆಯ ಕಾಡುಕೋಟೆಯನ್ನು ಹಿಡಿದನು. ಮುಂದಿನ ತಿಂಗಳು ನಾಯಕನನ್ನು ಗಲ್ಲಿಗೇರಿಸಿದರು. ಈ ವೆಲ್ಲೆಸ್ಲಿಯೇ ಮುಂದೆ ವೆಲಿಂಗ್ಟನ್ ಡ್ಯೂಕನಾಗಿ ನೆಪೋಲಿಯನ್ನನನ್ನು ಸೋಲಿಸಿದವನಾದುದರಿಂದ ಅವನ ಸಹಿಯಿದ್ದ ಪ್ರತಿಯೊಂದು ಕಾಗದವೂ ಪವಿತ್ರವಾಯಿತು. ಬಲಂ ದಂಡಯಾತ್ರೆಯ ಪತ್ರಗಳೂ ಸಂಪುಟಗಳಲ್ಲಿ ಅಚ್ಚಾಗಿ ಇಂದಿಗೂ ಓದಸಿಗುತ್ತವೆ. ಗಲ್ಲಿಗೇರಿದವನ ಕಡೆಯವರು ಬರೆದ ಕಾಗದವಾವುದನ್ನೂ ಹಾಗೆ ಯಾರೂ ಜೋಡಿಸಿಡಲಿಲ್ಲ. ಗೆದ್ದವನ ಪತ್ರವು ತಾನಾಗಿಯೇ ಉಳಿಯುತ್ತದೆ. ಸೋತವನದನ್ನು ಯಾರಾದರೂ ಹುಡುಕಿಕೊಂಡು ಹೋಗಬೇಕು. ಮೆಕೆಂಜಿಯ ಗುಮಾಸ್ತರು ಬೇರೆ ಎಷ್ಟೋ ಪಾಳೆಯಪಟ್ಟುಗಳಲ್ಲಿ ಹೀಗೆ ಹುಡುಕಿಕೊಂಡು ಹೋದರು.

1803ರಲ್ಲಿ ಬೋರಯ್ಯನು ಮೂವತ್ತು ತುಂಬುವ ಮೊದಲೇ ತೀರಿಕೊಂಡನು. ಅವನ ತಮ್ಮ ಲಕ್ಷ್ಮಯ್ಯನು ಆ ಸ್ಥಾನಕ್ಕೆ ಬಂದನು. ಚಾಮರಾಜನಗರದ ಬಳಿಯ ಮಲೆಯೂರಿನ ಧರ್ಮಯ್ಯನೆಂಬ ಜೈನ ಪಂಡಿತನು ಹಳೆಯ ಶಾಸನಗಳನ್ನು ಓದುವುದಕ್ಕೆ ಸಿಕ್ಕಿದುದು ಮೆಕೆಂಜಿಯ ದೊಡ್ಡ ಭಾಗ್ಯ. ಜೈನರ ವಿಷಯವಾಗಿ ಮೆಕೆಂಜಿಯು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸಂಪುಟದಲ್ಲಿ 1807ರಲ್ಲಿ ಪ್ರಕಟಿಸಿದ ಲೇಖನವು ಯೂರೋಪಿನವರಿಗೆ ಆ ಮತದ ಪರಿಚಯವನ್ನು ಮಾಡಿಕೊಟ್ಟ ಮೊದಲಿನ ಬರಹಗಳಲ್ಲಿ ಒಂದು. ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಿಂದ ಪ್ರಕಟಿಸಿದ ಮೈಸೂರಿನ ಚರಿತ್ರೆಗೂ ಈ ಸಂಗ್ರಹದ ನೆರವಾಯಿತು.

ಮುಂದಿನದು ಪದವಿಗಳ ಕಥೆ. ಬೇಗ ಹೇಳಿ ಮುಗಿಸಬಹುದು. ಮದರಾಸಿನ ಸರ್ವೇಯರ್ ಜನರಲ್, 1811ರಲ್ಲಿ ಜಾವಾ ದಂಡಯಾತ್ರೆ, ಅಲ್ಲಿ ಎರಡು ವರ್ಷ. ಜಾವಾದಲ್ಲಿಯೂ ಸುಮ್ಮನಿರದೆ ಡಚ್ಚರ ಕಚೇರಿಯ ಹಳೆಯ ಕಾಗದಗಳನ್ನು ಕೂಡಿಸಿದನು. ಐವತ್ತೆಂಟರ ಸುಮಾರಿನಲ್ಲಿ ಬಟೇವಿಯಾದಲ್ಲಿ ಪೆಟ್ರೊನೆಲ್ಲಾ ಬಾರ್ಟೆಲ್ಸ್ ಎಂಬ ಡಚ್ ಕನ್ಯೆಯನ್ನು ಮದುವೆಯಾದನು. 1815ರಲ್ಲಿ ಇಡೀ ಇಂಡಿಯಾದ ಮೊದಲನೆಯ ಸರ್ವೇಯರ್ ಜನರಲ್ಲನಾಗಿ ನೇಮಕವಾದನು.

1816ರಲ್ಲಿ ಥಾಮಸ್ ಹಿಕ್ಕಿ ಎಂಬ ಚಿತ್ರಕಾರನು ಮೆಕೆಂಜಿಯ ಪಟವನ್ನು ಬರೆದನು. ಅದೀಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕೆಂಪು ಅಂಗಿಯ ಕರ್ನಲನ ಸುತ್ತ ಮೂವರು ಭಾರತೀಯರು ನಿಂತಿದ್ದಾರೆ. ಒಬ್ಬನ ಕೈಯಲ್ಲಿ ತಾಳೆಗರಿ, ಇನ್ನೊಬ್ಬನ ಕೈಯಲ್ಲಿ ದೂರದರ್ಶಕ. ಹಿನ್ನೆಲೆಯ ಬೆಟ್ಟದ ಮೇಲೆ ಗೊಮ್ಮಟನ ವಿಗ್ರಹ. ಅದು ನಮ್ಮ ಕಳಸದಿಂದ ಘಟ್ಟವಿಳಿದರೆ ಸಿಗುವ ಕಾರ್ಕಳದ ಗೊಮ್ಮಟನೆಂದು ಬಲ್ಲವರು ಗುರುತಿಸಿದ್ದಾರೆ. ದೊರೆಗಳು ಪಟ ಬರೆಯಿಸಿಕೊಳ್ಳುವಾಗ ಕುದುರೆಯನ್ನೋ ನಾಯಿಯನ್ನೋ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದ ಕಾಲದಲ್ಲಿ ಈತನು ತನ್ನ ಪಂಡಿತರನ್ನು ನಿಲ್ಲಿಸಿಕೊಂಡನು.

ಮರುವರ್ಷ, 1817ರ ಫೆಬ್ರವರಿ 1ರಂದು ಮೆಕೆಂಜಿಯು ಹೆಸ್ಟರಳ ಮಗನಾದ ಸರ್ ಅಲೆಕ್ಸಾಂಡರ್ ಜಾನ್‌ಸ್ಟನ್ನನಿಗೆ ಒಂದು ದೀರ್ಘವಾದ ಪತ್ರವನ್ನು ಬರೆದನು. ಮಧುರೆಯಲ್ಲಿ ಹುಡುಗನಾಗಿದ್ದಾಗ ಆತನಿಗೆ ಮೆಕೆಂಜಿಯು ಪಾಠಹೇಳಿದ್ದುಂಟು. ಈಗ ಆತನು ಸಿಂಹಳದ ಮುಖ್ಯ ನ್ಯಾಯಾಧೀಶ. ಮೆಕೆಂಜಿಯ ಬಾಳಿನ ವಿಷಯವಾಗಿ ನಾವು ತಿಳಿದಿರುವುದರಲ್ಲಿ ಬಹುಭಾಗವು ಈ ಒಂದು ಪತ್ರದಿಂದ ಬಂದುದು. ಇಂಡಿಯಾದಲ್ಲಿ ಕಳೆದ ಮೊದಲ 13 ವರ್ಷಗಳಲ್ಲಿ ಈ ವಿದ್ಯೆಯಲ್ಲಿ ತಾನು ಹೆಚ್ಚೇನೂ ಸಾಧಿಸಲಿಲ್ಲವೆಂದೂ, ಬೋರಯ್ಯನು ಬಂದ ಮೇಲೆಯೇ ತನಗೆ ಬಾಗಿಲು ತೆರೆಯಿತೆಂದೂ ಅದರಲ್ಲಿ ಮೆಕೆಂಜಿಯು ಸಂಕೋಚವಿಲ್ಲದೆ ಒಪ್ಪಿಕೊಂಡಿದ್ದಾನೆ. ಈ ಪತ್ರದಲ್ಲಿ ಸಹಿಯನ್ನಷ್ಟೇ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಿಕೊಂಡಿದ್ದರೆ ಬೋರಯ್ಯನ ಪಾಲಿಗೆ ಎಷ್ಟು ದೊಡ್ಡ ನಷ್ಟವಾಗುತ್ತಿತ್ತು! ಅವನ ಇನ್ನೊಬ್ಬ ತಮ್ಮ ರಾಮಸ್ವಾಮಿಯು 1829ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ದಕ್ಷಿಣದೇಶದ ಕವಿಗಳ ಚರಿತ್ರೆಯಲ್ಲಿ ಅಣ್ಣನ ಕಥೆಯನ್ನೂ ಸೇರಿಸಿದುದು ಬೇರೆ ಮಾತು.

ಕೂಡಿಟ್ಟುದನ್ನೆಲ್ಲ ವಿಂಗಡಿಸಿ ಒಂದು ಪಟ್ಟಿ ಮಾಡಬೇಕೆಂಬುದು ಕರ್ನಲನ ಕೊನೆಯ ಆಸೆ. ಅದು ಕೈಗೂಡಲಿಲ್ಲ. 1821ರ ಮೇ 8ರಂದು ಕಲ್ಕತ್ತೆಯ ಬಳಿ ಆತನು ಕಾಲವಾದನು. ಅಲ್ಲಿನ ಪಾರ್ಕ್ ಸ್ಟ್ರೀಟಿನ ಹಳೆಯ ಸ್ಮಶಾನದಲ್ಲಿ ಸಮಾಧಿಯಿದೆ. ಪತ್ನಿಯಿಂದ ಕಂಪೆನಿಯು ಒಂದು ಲಕ್ಷ ರೂಪಾಯಿಗೆ ಸಂಗ್ರಹವನ್ನು ಕೊಂಡಿತು. ಹೋರೇಸ್ ವಿಲ್ಸನ್ ಎಂಬ ಸಂಸ್ಕೃತ ವಿದ್ವಾಂಸನು 1828ರಲ್ಲಿ ಪಟ್ಟಿಯನ್ನು ಅಚ್ಚು ಮಾಡಿಸಿದನು. 1,568 ಗ್ರಂಥಗಳು, 2,070 ಸ್ಥಳೀಯ ವೃತ್ತಾಂತಗಳು, 8,076 ಶಾಸನದ ಪ್ರತಿಗಳು, 2,630 ಚಿತ್ರಗಳು, 6,218 ನಾಣ್ಯಗಳು. ಒಬ್ಬ ಮನುಷ್ಯನ ಸಂಬಳದಿಂದ!

ಆಮೇಲೆ ಆ ಗಂಟು ಒಡೆಯಿತು. ಒಂದು ಪಾಲು ಲಂಡನ್ನಿಗೆ, ಒಂದು ಪಾಲು ಮದರಾಸಿಗೆ, ಒಂದಷ್ಟು ಕಲ್ಕತ್ತೆಯಲ್ಲಿಯೇ. ಮದರಾಸಿನ ಪಾಲಿಗೆ ನಮ್ಮ ಅಟ್ಟದ ಗತಿಯೇ ಬಂದಿತು. ಹುಳು ಹಿಡಿಯಿತು, ಮಸಿ ಮಾಸಿತು. ವಿಲಿಯಂ ಟೇಲರ್ ಎಂಬ ಪಾದ್ರಿಯೂ, ತೆಲುಗಿಗೆ ಬಹಳ ದುಡಿದ ಬ್ರೌನನೂ ಹಾಳಾಗುತ್ತಿದ್ದ ಕೆಲವನ್ನು ಮರುಬರಹ ಮಾಡಿಸಿ ಉಳಿಸಿದರು. ಅವು ಈಗ ಮದರಾಸಿನ, ಎಂದರೆ ಚೆನ್ನೈನ, ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿವೆ.

ಲಕ್ಷ್ಮಯ್ಯನು ಇನ್ನೂ ಇದ್ದನು. ಸಂಗ್ರಹದ ಒಳಹೊರಗನ್ನು ಅವನಷ್ಟು ಬಲ್ಲವರು ಬೇರಾರೂ ಇರಲಿಲ್ಲ. ನಿಂತುಹೋದ ಕೆಲಸವನ್ನು ತಾನು ಮುಂದುವರಿಸುವೆನೆಂದು ಅವನು ಅರ್ಜಿ ಹಾಕಿಕೊಂಡನು. 1830ರ ದಶಕದಲ್ಲಿ ಅದು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಮುಂದೆ ಹೋಯಿತು. ಬ್ರಾಹ್ಮೀ ಲಿಪಿಯನ್ನು ಓದಿ ಜಗತ್ಪ್ರಸಿದ್ಧನಾದ ಜೇಮ್ಸ್ ಪ್ರಿನ್ಸೆಪ್ ಆಗ ಅದರ ಕಾರ್ಯದರ್ಶಿ. ದೇಶೀಯನೊಬ್ಬನಿಗೆ ಅಂತಹ ಹೊಣೆಯನ್ನು ಒಪ್ಪಿಸಲು ಸೊಸೈಟಿಯು ಸಮ್ಮತಿಸಲಿಲ್ಲ. ಸುಮಾರು ಹದಿನೆಂಟು ವರ್ಷಗಳ ಕಾಲ ಆ ಹೊಣೆಯನ್ನು ಹೊತ್ತಿದ್ದವನೇ ಅವನು ಎಂಬುದು ಅವರ ಕಣ್ಣಿಗೆ ಕಾಣಲಿಲ್ಲವೆಂದು ತೋರುತ್ತದೆ.

ಕನ್ನಡದ ಕೈಫಿಯತ್ತುಗಳು ಒಂದೆಡೆ ಪುಸ್ತಕರೂಪದಲ್ಲಿ ನಮ್ಮ ಕೈಗೆ ಬರುವುದಕ್ಕೆ ಅಲ್ಲಿಂದ ನೂರೈವತ್ತು ವರ್ಷಗಳಿಗೂ ಹೆಚ್ಚು ಹಿಡಿಯಿತು. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ಕರ್ನಾಟಕದ ಕೈಫಿಯತ್ತುಗಳು ಎಂಬ ದೊಡ್ಡ ಸಂಪುಟವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1994ರಲ್ಲಿ ಪ್ರಕಟಿಸಿತು. ಊರಿನ ಹೆಸರನ್ನು ಹಿಡಿದು ಅದರಲ್ಲಿ ಹುಡುಕಬಹುದು.