ಲೋಕದ ಪುಸ್ತಕಗಳಿಗೊಂದು ಸೂಚಿ

ಗ್ರಂಥಾಲಯಕ್ಕೆ ಕಾಲಿಟ್ಟವರ ಕಣ್ಣು ಮೊದಲು ಹರಿಯುವುದು ಕಪಾಟುಗಳಲ್ಲಿ ಸಾಲುಗೊಂಡಿರುವ ಪುಸ್ತಕಗಳ ಕಡೆಗೆ. ಆದರೆ ತಮಗೆ ಬೇಕಾದ ಪುಸ್ತಕ ಆ ಸಾಲುಗಳಲ್ಲಿ ಎಲ್ಲಿ ಅಡಗಿದೆ ಎಂಬುದನ್ನು ತೋರಿಸಿಕೊಡುವುದು ಸೂಚಿ. ಸೂಚಿಯಿಲ್ಲದ ಗ್ರಂಥಾಲಯವು ಬೀಗದ ಕೈ ಕಳೆದುಹೋದ ಭಂಡಾರದಂತೆ. ಒಳಗೆ ಸಂಪತ್ತಿದ್ದರೂ ಅದು ಕೈಗೆ ದೊರೆಯದು. ಒಂದು ಗ್ರಂಥಾಲಯದ ಮಾತೇ ಹೀಗಿರುವಾಗ, ಜಗತ್ತಿನ ಎಲ್ಲ ದೇಶಗಳ, ಎಲ್ಲ ಭಾಷೆಗಳ ಪುಸ್ತಕಗಳಿಗೂ ಸೇರಿದಂತೆ ಒಂದೇ ಸೂಚಿಯನ್ನು ಸಿದ್ಧಪಡಿಸುವುದು ಸಾಧ್ಯವೆ? ಸಾಧ್ಯವೆಂದು ನಂಬಿ, ಆ ಕೆಲಸಕ್ಕಾಗಿ ಐವತ್ತು ವರ್ಷಗಳ ಕಾಲ ಹಣವನ್ನೂ ಜೊತೆಗಾರರನ್ನೂ ಅರಸುತ್ತ ದೇಶದೇಶಗಳ ಬಾಗಿಲು ತಟ್ಟಿದವನು ಬೆಲ್ಜಿಯಂ ದೇಶದ ಪಾಲ್ ಓಟ್ಲೆ.

ಓಟ್ಲೆ ಹುಟ್ಟಿದ್ದು 1868ರ ಆಗಸ್ಟ್ 23ರಂದು, ಬ್ರಸೆಲ್ಸ್ ನಗರದಲ್ಲಿ. ಅವನ ತಂದೆ ಎಡ್ವರ್ಡ್ ಓಟ್ಲೆ ಹಲವು ದೇಶಗಳಿಗೆ ಟ್ರಾಮ್ ಗಾಡಿಗಳನ್ನು ಒದಗಿಸುವ ವ್ಯವಹಾರದಲ್ಲಿ ಅಪಾರ ಹಣ ಗಳಿಸಿದ್ದನು. ಬಾಲಕನಿಗೆ ಮೂರು ವರ್ಷವಾಗಿದ್ದಾಗಲೇ ತಾಯಿ ತೀರಿಕೊಂಡಳು. ಶಾಲೆಯ ನಾಲ್ಕು ಗೋಡೆಗಳು ಮಗುವಿನ ಬುದ್ಧಿಯನ್ನು ಕುಗ್ಗಿಸುತ್ತವೆಂದು ನಂಬಿದ್ದ ತಂದೆ, ಹನ್ನೊಂದನೆಯ ವಯಸ್ಸಿನವರೆಗೆ ಮಗನನ್ನು ಶಾಲೆಗೆ ಕಳುಹಿಸಲಿಲ್ಲ. ಮನೆಗೇ ಉಪಾಧ್ಯಾಯರು ಬಂದು ಪಾಠ ಹೇಳುತ್ತಿದ್ದರು. ಜೊತೆಗೆ ಆಡುವ ಗೆಳೆಯರು ಕಡಮೆ. ಹೀಗಾಗಿ ಬಾಲಕನಿಗೆ ಪುಸ್ತಕಗಳೇ ಸಂಗಾತಿಗಳಾದವು. ಮುಂದೆ ಅವನು ಕಾನೂನು ಓದಿ, 1890ರಲ್ಲಿ ಪದವಿ ಪಡೆದು, ಹೆಸರಾಂತ ವಕೀಲನೊಬ್ಬನ ಕೈಕೆಳಗೆ ಕೆಲಸಕ್ಕೆ ನಿಂತನು.

ವಕೀಲಿ ವೃತ್ತಿ ಅವನ ಮನಸ್ಸಿಗೆ ಹಿಡಿಸಲಿಲ್ಲ. ಕಾನೂನಿನ ಗ್ರಂಥಗಳ ಪಟ್ಟಿಯನ್ನು ಸಿದ್ಧಪಡಿಸುವ ಕೆಲಸ ಮಾತ್ರ ಅವನನ್ನು ಸೆಳೆಯಿತು. ಈ ಕೆಲಸವೇ ಅವನಿಗೆ ಆನ್ರಿ ಲಾ ಫಾಂಟೆನ್ ಎಂಬ ಹಿರಿಯ ವಕೀಲನ ಪರಿಚಯ ಮಾಡಿಸಿತು. ಲಾ ಫಾಂಟೆನ್ ಓಟ್ಲೆಗಿಂತ ಹದಿನಾಲ್ಕು ವರ್ಷ ದೊಡ್ಡವನು. ರಾಷ್ಟ್ರಗಳ ನಡುವೆ ಶಾಂತಿ ನೆಲೆಸಬೇಕೆಂದು ದುಡಿಯುತ್ತಿದ್ದವನು. ಮುಂದೆ 1913ರಲ್ಲಿ ಅವನಿಗೆ ನೊಬೆಲ್ ಶಾಂತಿ ಪಾರಿತೋಷಕ ದೊರೆಯಿತು. ಇಬ್ಬರ ಸ್ವಭಾವ ಬೇರೆಯಾದರೂ ನಂಬಿಕೆ ಒಂದೇ ಆಗಿತ್ತು. ಒಂದು ದೇಶದ ವಿದ್ವಾಂಸನು ಕಂಡುಕೊಂಡದ್ದು ಇನ್ನೊಂದು ದೇಶದವನಿಗೆ ತಿಳಿಯದೆ ಹೋದರೆ ದುಡಿಮೆ ವ್ಯರ್ಥವಾಗುತ್ತದೆ. ಜ್ಞಾನವನ್ನು ಹಂಚಿಕೊಳ್ಳಲು ಕಲಿತ ರಾಷ್ಟ್ರಗಳು ಜಗಳವನ್ನು ಮರೆಯಲೂ ಕಲಿತಾವು ಎಂಬುದೇ ಆ ನಂಬಿಕೆ. ಓಟ್ಲೆಗೆ ದೊರೆತ ಮೊದಲ ಜೊತೆಗಾರನು ಇವನು. ಈ ಸ್ನೇಹ ಕೊನೆಯವರೆಗೂ ಕಡಿಯಲಿಲ್ಲ.

ಕೆಲಸಕ್ಕೆ ಮೊದಲು ಬೇಕಾಗಿದ್ದುದು ಎಲ್ಲ ಭಾಷೆಯವರಿಗೂ ಅರ್ಥವಾಗುವ ಒಂದು ಕ್ರಮ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ್ದ ದಶಾಂಶ ವರ್ಗೀಕರಣದಲ್ಲಿ ಓಟ್ಲೆ ಅದನ್ನು ಕಂಡನು. ಅಲ್ಲಿ ವಿಷಯಗಳಿಗೆ ಹೆಸರಿನ ಬದಲು ಅಂಕಿಗಳಿದ್ದವು. 5 ಎಂದರೆ ವಿಜ್ಞಾನ. 59 ಎಂದರೆ ಅದರೊಳಗಣ ಪ್ರಾಣಿಶಾಸ್ತ್ರ. ಅಂಕಿಗಳನ್ನು ಸೇರಿಸುತ್ತ ಹೋದಂತೆ ವಿಷಯ ಇನ್ನೂ ಸೂಕ್ಷ್ಮವಾಗುತ್ತದೆ. ಫ್ರೆಂಚರಿಗೂ ರಷ್ಯನ್ನರಿಗೂ ಜಪಾನೀಯರಿಗೂ 59 ಎಂಬುದು 59 ಆಗಿಯೇ ಕಾಣುವುದರಿಂದ, ಅಂಕಿಯು ದೇಶಗಳ ನಡುವೆ ಸೇತುವೆಯಾಗಬಲ್ಲದೆಂದು ಅವನಿಗೆ ಹೊಳೆಯಿತು. 1895ರಲ್ಲಿ ಅವನು ಡ್ಯೂಯಿಗೆ ಪತ್ರ ಬರೆದು, ಈ ಪದ್ಧತಿಯನ್ನು ಬಳಸಿಕೊಳ್ಳಲು ಅನುಮತಿ ಬೇಡಿದನು. ಅನುಮತಿ ಬಂದಿತು. ಆ ಪದ್ಧತಿಯನ್ನು ವಿಸ್ತರಿಸಿ ಓಟ್ಲೆ ಮತ್ತು ಅವನ ಸಂಗಡಿಗರು ರೂಪಿಸಿದ್ದೇ ಸಾರ್ವತ್ರಿಕ ದಶಾಂಶ ವರ್ಗೀಕರಣ. ಅದರ ಫ್ರೆಂಚ್ ಆವೃತ್ತಿ 1907ರ ಹೊತ್ತಿಗೆ ಪೂರ್ಣವಾಗಿ ಹೊರಬಂದಿತು.

1895ರ ಸೆಪ್ಟೆಂಬರ್ ತಿಂಗಳಲ್ಲಿ ಗೆಳೆಯರಿಬ್ಬರೂ ಬ್ರಸೆಲ್ಸಿನಲ್ಲಿ ಒಂದು ಅಂತರರಾಷ್ಟ್ರೀಯ ಸಮ್ಮೇಳನವನ್ನು ಕೂಡಿಸಿದರು. ಅಲ್ಲಿ ಅಂತರರಾಷ್ಟ್ರೀಯ ಗ್ರಂಥಸೂಚಿ ಸಂಸ್ಥೆ ಹುಟ್ಟಿತು. ಬೆಲ್ಜಿಯಂ ಸರ್ಕಾರವು ರಾಜಾಜ್ಞೆಯ ಮೂಲಕ ಅದಕ್ಕೊಂದು ಕಚೇರಿಯನ್ನು ಏರ್ಪಡಿಸಿ, ಸ್ಥಳವನ್ನೂ ಧನಸಹಾಯವನ್ನೂ ಕೊಟ್ಟಿತು. ಅಂಗೈಯಗಲದ ಕಾರ್ಡುಗಳ ಮೇಲೆ ಒಂದೊಂದು ಪುಸ್ತಕದ, ಒಂದೊಂದು ಲೇಖನದ ವಿವರವನ್ನು ಬರೆದು, ಮರದ ಸೆಳೆಖಾನೆಗಳಲ್ಲಿ ಅಂಕಿಯ ಕ್ರಮದಲ್ಲಿ ಜೋಡಿಸಿದರು. ಆ ವರ್ಷ ಕೊನೆಯಾಗುವ ವೇಳೆಗೆ ಕಾರ್ಡುಗಳು ನಾಲ್ಕು ಲಕ್ಷವಾದವು. ಮುಂದಿನ ನಾಲ್ಕು ದಶಕಗಳಲ್ಲಿ ಅವು ಒಂದೂವರೆ ಕೋಟಿಯನ್ನು ಮುಟ್ಟಿದವು.

ಇಷ್ಟು ದೊಡ್ಡ ಹೊರೆಯನ್ನು ಒಂದು ಕಚೇರಿ ಒಂಟಿಯಾಗಿ ಹೊರಲಾರದು. ಓಟ್ಲೆ ಊರೂರುಗಳಲ್ಲಿ ಸಹಭಾಗಿಗಳನ್ನು ಹುಡುಕಿದನು. ಜೂರಿಚ್ ನಗರದಲ್ಲಿ ಹರ್ಬರ್ಟ್ ಫೀಲ್ಡ್ ಎಂಬ ಅಮೆರಿಕನ್ ವಿಜ್ಞಾನಿ ಪ್ರಾಣಿಶಾಸ್ತ್ರದ ಕಾರ್ಡುಗಳನ್ನು ಅಚ್ಚು ಹಾಕಿಸುವ ಸಂಸ್ಥೆಯೊಂದನ್ನು ನಡೆಸುತ್ತಿದ್ದನು. ಅವನೂ ಇದೇ ಅಂಕಿಗಳನ್ನು ಬಳಸಲು ಒಪ್ಪಿದನು. ಪ್ಯಾರಿಸಿನಲ್ಲಿ ಸೇನಾನಾಯಕ ಸೆಬೇರ್ ಮುಂದೆ ನಿಂತು ಒಂದು ಶಾಖೆಯನ್ನು ಬೆಳೆಸಿದನು. ಲಾ ಫಾಂಟೆನನ ತಂಗಿ ಲಿಯೊನಿ ಕಾರ್ಡುಗಳ ಕೆಲಸಕ್ಕೆ ಕೈಗೂಡಿಸಿದಳು. ಹಣಕ್ಕಾಗಿ ಓಟ್ಲೆ ಇನ್ನೊಂದು ಮಾರ್ಗವನ್ನೂ ಹಿಡಿದನು. ಯಾರಾದರೂ ಅಂಚೆಯ ಮೂಲಕ ಪ್ರಶ್ನೆ ಕೇಳಿದರೆ, ಆ ವಿಷಯದ ಕಾರ್ಡುಗಳನ್ನು ನಕಲು ಮಾಡಿ, ಶುಲ್ಕ ಪಡೆದು ಕಳುಹಿಸುವ ಏರ್ಪಾಡು 1896ರಲ್ಲಿ ಆರಂಭವಾಯಿತು. 1912ರ ಸುಮಾರಿಗೆ ವರ್ಷವೊಂದಕ್ಕೆ 1,500ಕ್ಕೂ ಹೆಚ್ಚು ಪ್ರಶ್ನೆಗಳಿಗೆ ಉತ್ತರ ಹೋಗುತ್ತಿತ್ತು. ಒಬ್ಬರು ಬಲ್ಗೇರಿಯದ ಹಣಕಾಸಿನ ವಿಷಯ ಕೇಳಿದರೆ, ಇನ್ನೊಬ್ಬರು ಎಸೆದವನ ಕಡೆಗೇ ಮರಳಿ ಬರುವ ಬೂಮರಾಂಗ್ ಎಂಬ ಆಯುಧದ ಬಗೆಗೆ ಕೇಳುತ್ತಿದ್ದರು. ಉತ್ತರದ ಕಾರ್ಡುಗಳು ಐವತ್ತನ್ನು ಮೀರುವಂತಿದ್ದರೆ ಮುಂಚಿತವಾಗಿಯೇ ಅದನ್ನು ತಿಳಿಸುವ ರೂಢಿಯೂ ಇತ್ತು. ಆದರೆ ಈ ಶುಲ್ಕದಿಂದ ಕೆಲಸದ ವೆಚ್ಚ ತುಂಬಿಬರುವಂತಿರಲಿಲ್ಲ. ತಂದೆಯ ಸಂಪತ್ತೂ ಅಷ್ಟರಲ್ಲಿ ಕರಗುತ್ತ ಬಂದಿತ್ತು. ಹೀಗೆ ಸರ್ಕಾರದ ನೆರವೇ ಸಂಸ್ಥೆಯ ಮುಖ್ಯ ಆಧಾರವಾಗಿ ಉಳಿಯಿತು.

ಆ ನಡುವೆ ಗೆಳೆಯರ ಆಸೆ ಇನ್ನೂ ಎತ್ತರಕ್ಕೆ ಏರಿತು. ಪುಸ್ತಕಗಳ ಪಟ್ಟಿಯಷ್ಟೇ ಸಾಲದು, ಅಂತರರಾಷ್ಟ್ರೀಯ ಸಂಘಗಳೆಲ್ಲ ಒಂದೆಡೆ ಕೂಡಬೇಕು ಎಂದುಕೊಂಡು 1910ರಲ್ಲಿ ಅಂಥ ಸಂಘಗಳ ಒಕ್ಕೂಟವನ್ನು ಸ್ಥಾಪಿಸಿದರು. ಇದರ ಕೆಲಸಕ್ಕೆ ಅಮೆರಿಕದ ಕಾರ್ನೆಗಿ ಶಾಂತಿ ನಿಧಿಯ ನೆರವೂ ದೊರೆಯಿತು. ಎಲ್ಲವೂ ಕೈಗೂಡುವಂತೆ ತೋರುತ್ತಿದ್ದಾಗ 1914ರಲ್ಲಿ ಮಹಾಯುದ್ಧ ಸಿಡಿಯಿತು. ಜರ್ಮನ್ ಸೇನೆ ಬೆಲ್ಜಿಯಂ ದೇಶವನ್ನು ಆಕ್ರಮಿಸಿತು. ಓಟ್ಲೆಯ ಮಗ ಜಾನ್ ಆ ವರ್ಷವೇ ಈಜೆರ್ ನದಿಯ ಕದನದಲ್ಲಿ ಮಡಿದನು. ಶಾಂತಿಗಾಗಿ ಕಾರ್ಡು ಜೋಡಿಸುತ್ತಿದ್ದ ತಂದೆಗೆ ಯುದ್ಧವು ಕೊಟ್ಟ ಪೆಟ್ಟು ಇದು. ಆದರೂ ಅವನು ಕೆಲಸವನ್ನು ಬಿಡಲಿಲ್ಲ. ಪರದೇಶಗಳಲ್ಲಿ ತಿರುಗಾಡುತ್ತ, ಯುದ್ಧ ಮುಗಿದ ಮೇಲೆ ರಾಷ್ಟ್ರಗಳದೇ ಒಂದು ಸಂಘವಾಗಬೇಕೆಂದು ಬರೆದನು, ವಾದಿಸಿದನು.

ಯುದ್ಧ ಮುಗಿಯಿತು; ರಾಷ್ಟ್ರಸಂಘವೂ ಹುಟ್ಟಿತು. ಅದರ ಕೇಂದ್ರ ತನ್ನ ರಾಜಧಾನಿಗೆ ಬರಲೆಂದು ಬೆಲ್ಜಿಯಂ ಸರ್ಕಾರ ಹಂಬಲಿಸಿತು. ಅಂತರರಾಷ್ಟ್ರೀಯ ಕೆಲಸದಿಂದ ಬ್ರಸೆಲ್ಸಿನ ಕೀರ್ತಿ ಹೆಚ್ಚುವುದೆಂದು ಎಣಿಸಿ, ಓಟ್ಲೆಯ ಸಂಗ್ರಹಕ್ಕೆ ಸಿಂಕಾಂತನೇರ್ ಎಂಬ ಭವ್ಯ ಸೌಧದ ಒಂದು ಭಾಗವನ್ನೇ ಬಿಟ್ಟುಕೊಟ್ಟಿತು. 1920ರಲ್ಲಿ ಅಲ್ಲಿ ವಿಶ್ವಸೌಧವು ತೆರೆದುಕೊಂಡಿತು. ಸೂಚಿ, ಗ್ರಂಥಾಲಯ, ವಸ್ತುಸಂಗ್ರಹಾಲಯಗಳೆಲ್ಲ ಸಾಲು ಸಾಲು ಕೋಣೆಗಳನ್ನು ತುಂಬಿದವು. ಇದಕ್ಕೇ ಮುಂದೆ ಮುಂಡೇನಿಯಂ ಎಂಬ ಹೆಸರಾಯಿತು.

ಆದರೆ ರಾಷ್ಟ್ರಸಂಘ ನೆಲೆಸಿದ್ದು ಜಿನೀವ ನಗರದಲ್ಲಿ. ಸಂಘವು ತನ್ನ ಕೆಲಸವನ್ನು ಕೈಹಿಡಿದು ನಡೆಸುವುದೆಂದು ಓಟ್ಲೆ ನಂಬಿದ್ದನು. 1922ರಲ್ಲಿ ಅಲ್ಲಿ ಬೌದ್ಧಿಕ ಸಹಕಾರ ಸಮಿತಿ ಏರ್ಪಟ್ಟಿತು. ಅದರ ಸಂಸ್ಥೆಯೋ ಫ್ರೆಂಚ್ ಸರ್ಕಾರದ ಹಣದಿಂದ 1926ರಲ್ಲಿ ಪ್ಯಾರಿಸಿನಲ್ಲಿ ಆರಂಭವಾಯಿತು. ಯಾರ ಕೈಯಲ್ಲಿ ಹಣವಿತ್ತೋ ಅವರ ಊರಿಗೆ ಕೆಲಸ ಹೋಯಿತು. ಇತ್ತ, ಬೆಲ್ಜಿಯಂ ಸರ್ಕಾರಕ್ಕೆ ವಿಶ್ವಸೌಧದ ಮೇಲಿದ್ದ ಆಸಕ್ತಿ ತಗ್ಗಿತು. 1924ರಲ್ಲಿ ರಬ್ಬರ್ ವ್ಯಾಪಾರದ ಪ್ರದರ್ಶನವೊಂದಕ್ಕೆ ಸ್ಥಳ ಬೇಕೆಂದು ಸಂಗ್ರಹವನ್ನು ಆತುರಾತುರವಾಗಿ ತೆರವು ಮಾಡಿಸಿದರು. ಇಪ್ಪತ್ತೊಂಬತ್ತು ವರ್ಷಗಳ ಶ್ರಮಕ್ಕೆ ಬಂದ ಬೆಲೆ ಅದು.

ಸಹಭಾಗಿಗಳೊಡನೆಯೂ ಆಗ ಭಿನ್ನಾಭಿಪ್ರಾಯ ತಲೆದೋರಿತು. ಹಾಲೆಂಡಿನ ಫ್ರಿಟ್ಸ್ ಡಾಂಕರ್ ಡೌವಿಸ್ ಮೊದಲಾದ ಕಿರಿಯರು ವರ್ಗೀಕರಣದ ಅಂಕಿಗಳನ್ನು ಹೊಸ ವಿಜ್ಞಾನಕ್ಕೆ ತಕ್ಕಂತೆ ತಿದ್ದಬೇಕೆಂದರು. ಅಂಕಿಯನ್ನು ಬದಲಿಸಿದರೆ ಕೋಟಿಗಟ್ಟಲೆ ಕಾರ್ಡುಗಳನ್ನು ಮತ್ತೆ ತಿದ್ದಬೇಕಾಗುತ್ತದೆಂದು ಓಟ್ಲೆ ಒಪ್ಪಲಿಲ್ಲ. ಅವರಿಗೆ ಬೇಕಾಗಿದ್ದುದು ಪ್ರತಿಯೊಂದು ದೇಶವೂ ತನ್ನ ನೆಲದಲ್ಲಿ ಬಳಸಬಹುದಾದ ಒಂದು ಸಾಧನ. ಇವನಿಗೆ ಬೇಕಾಗಿದ್ದುದು ಎಲ್ಲವೂ ಒಂದೇ ಸೂರಿನ ಕೆಳಗಿರುವ ಒಂದು ವಿಶ್ವಕೇಂದ್ರ. ಕಾಲಕ್ರಮದಲ್ಲಿ ಸಂಸ್ಥೆಯ ಆಡಳಿತ ಹೇಗ್ ನಗರಕ್ಕೆ ಸರಿಯಿತು. 1931ರಲ್ಲಿ ಅದರ ಹೆಸರು ಬದಲಾಯಿತು. 1937ರಲ್ಲಿ ಅದು ಅಂತರರಾಷ್ಟ್ರೀಯ ಪ್ರಲೇಖನ ಒಕ್ಕೂಟವಾಯಿತು.

ಓಟ್ಲೆ ಮಾತ್ರ ಕೇಂದ್ರದ ಕನಸನ್ನೇ ಹಿಂಬಾಲಿಸಿದನು. 1928ರಲ್ಲಿ ಪ್ರಸಿದ್ಧ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಅವನಿಗಾಗಿ ಜಿನೀವದಲ್ಲಿ ಕಟ್ಟಬೇಕಾದ ಮುಂಡೇನಿಯಮಿನ ನಕ್ಷೆಯನ್ನು ರಚಿಸಿದನು. ಹಣ ಕೊಡುವವರು ದೊರೆಯದೆ ಅದು ಕಾಗದದ ಮೇಲೆಯೇ ಉಳಿಯಿತು. 1934ರಲ್ಲಿ ಸರ್ಕಾರ ವಿಶ್ವಸೌಧದ ಬಾಗಿಲಿಗೆ ಬೀಗ ಹಾಕಿತು. ಅರವತ್ತಾರನೆಯ ವಯಸ್ಸಿನ ಮುದುಕನು ಮುಚ್ಚಿದ ಬಾಗಿಲಿನ ಮುಂದೆ ಕುಳಿತು ಪ್ರತಿಭಟಿಸಿದನು. ಬಾಗಿಲು ತೆರೆಯಲಿಲ್ಲ. ಅದೇ ವರ್ಷ ಅವನ ಮಹಾಗ್ರಂಥವೊಂದು ಪ್ರಕಟವಾಯಿತು. ಓದುಗನು ತನ್ನ ಮನೆಯ ಮೇಜಿನ ಮುಂದೆ ಕುಳಿತು, ದೂರವಾಣಿಯ ಮೂಲಕ ಕೇಳಿ, ದೂರದ ಗ್ರಂಥಾಲಯದಲ್ಲಿರುವ ಪುಟವನ್ನು ಎದುರಿನ ತೆರೆಯ ಮೇಲೆ ಕಾಣುವ ಕಾಲ ಬರಲಿದೆಯೆಂದು ಅವನು ಅದರಲ್ಲಿ ಚಿತ್ರಿಸಿದ್ದನು. ಗಣಕಯಂತ್ರಗಳ ಜಾಲ ಹುಟ್ಟುವುದಕ್ಕೆ ಇನ್ನೂ ಹಲವು ದಶಕಗಳಿದ್ದವು.

ಎರಡನೆಯ ಮಹಾಯುದ್ಧದಲ್ಲಿ ಬ್ರಸೆಲ್ಸ್ ಮತ್ತೆ ಜರ್ಮನರ ವಶವಾಯಿತು. ಅವರು ತಮ್ಮ ಕಲಾಪ್ರದರ್ಶನಕ್ಕೆ ಸೌಧವನ್ನು ತೆರವು ಮಾಡಿಸಿ, 63 ಟನ್ನುಗಳಷ್ಟು ನಿಯತಕಾಲಿಕೆಗಳನ್ನು ನಾಶಪಡಿಸಿದರು. ಉಳಿದುದು ಹಳೆಯ ಕಟ್ಟಡವೊಂದರ ಪಾಲಾಯಿತು. 1943ರಲ್ಲಿ ಲಾ ಫಾಂಟೆನ್ ತೀರಿಕೊಂಡನು. 1944ರ ಡಿಸೆಂಬರಿನಲ್ಲಿ ಓಟ್ಲೆಯೂ ಕಣ್ಮುಚ್ಚಿದನು. ಆಗ ಅವನನ್ನು ನೆನೆಯುವವರು ಕೆಲವರೇ ಇದ್ದರು.

ಆದರೆ ಅವನ ಕೆಲಸವೆಲ್ಲ ಅವನೊಡನೆ ಅಳಿಯಲಿಲ್ಲ. ಹೇಗ್ ನಗರದ ಒಕ್ಕೂಟವು ಹಲವು ದೇಶಗಳ ಚಂದಾ ಮತ್ತು ದುಡಿಮೆಯ ಬಲದಿಂದ ಯುದ್ಧವನ್ನು ದಾಟಿ, 2002ರವರೆಗೆ ಬಾಳಿತು. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹರಾದ ಎಸ್. ಆರ್. ರಂಗನಾಥನ್ ಅವರು 1950ರ ದಶಕದಲ್ಲಿ ಅದರ ಉಪಾಧ್ಯಕ್ಷರಾಗಿದ್ದರು. ಆ ವೇದಿಕೆಯಲ್ಲಿ ಅವರು ವರ್ಗೀಕರಣದ ಸಂಶೋಧನೆಗೆ ಹೊಸ ದಾರಿ ತೋರಿದರು; ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಇಲ್ಲಿಯೇ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಸಾರ್ವತ್ರಿಕ ದಶಾಂಶ ವರ್ಗೀಕರಣವು ನೂರಕ್ಕೂ ಹೆಚ್ಚು ದೇಶಗಳಿಗೆ ಹರಡಿತು. ಓಟ್ಲೆಯ ಕಾರ್ಡುಗಳಲ್ಲಿ ಉಳಿದವುಗಳಿಗೆ 1998ರಲ್ಲಿ ಬೆಲ್ಜಿಯಮಿನ ಮಾನ್ಸ್ ಪಟ್ಟಣದಲ್ಲಿ ಒಂದು ಸಂಗ್ರಹಾಲಯ ತೆರೆಯಿತು. 2013ರಲ್ಲಿ ಯುನೆಸ್ಕೋ ಅವುಗಳನ್ನು ವಿಶ್ವದ ನೆನಪಿನ ದಾಖಲೆಯಲ್ಲಿ ಸೇರಿಸಿತು.

ಒಬ್ಬನೇ ದಾತನ ಕೃಪೆಯನ್ನು ನೆಚ್ಚಿದ ಸೌಧಕ್ಕೆ ಆ ಕೃಪೆ ತಪ್ಪಿದ ದಿನ ಬೀಗ ಬಿದ್ದಿತು. ಹಲವರಿಗೆ ಹಂಚಿಕೊಟ್ಟ ಅಂಕಿಗಳು ಹಲವರ ಕೈಯಲ್ಲಿ ಬದುಕಿದವು. ಕೆರೆಯ ನೀರು ಕಾಲುವೆಗಳಾಗಿ ಹರಿದಾಗಲೇ ಊರಿನ ಗದ್ದೆಗಳು ಹಸುರಾಗುವುವು. ಓಟ್ಲೆ ಕಟ್ಟೆಯ ಚಿಂತೆಯಲ್ಲಿ ಬೆಂದನು. ಆದರೆ ಕಾಲುವೆಗಳನ್ನು ತೋಡಿದವನೂ ಅವನೇ. ಒಂದು ದೇಶದ ಗ್ರಂಥಾಲಯದ ಪುಟವನ್ನು ಇನ್ನೊಂದು ದೇಶದ ವಿದ್ಯಾರ್ಥಿ ಕುಳಿತಲ್ಲಿಯೇ ಓದುವಾಗ, ಮುಚ್ಚಿದ ಬಾಗಿಲಿನ ಮುಂದೆ ಕುಳಿತಿದ್ದ ಆ ವೃದ್ಧನ ಆಸೆಯ ಒಂದು ಅಂಶ ನೆರವೇರುತ್ತದೆ.